ಕಿಟಕಿ ಪಕ್ಕದ ಖಾಲಿ ಬೆಂಚು

ಯಾರು ಮಾತಾಡುತ್ತಾರೋ ಅವರ ಕಡೆ ತಾನಾಗಿ ತಿರುಗುವ, ಶಾಲೆಯ ತರಗತಿಯಲ್ಲಿಟ್ಟ ಕ್ಯಾಮೆರಾ ಅದು. ಅದನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ನಮ್ಮ ರಾಜಧಾನಿ ಮೊಂತೆವಿದೆಯೊದ ಒಂದು ಇಕ್ಕಟ್ಟಾದ ಕೋಣೆಯಲ್ಲಿ ಕೂತು, ಕಂಪ್ಯೂಟರಿನ ಮೂಲಕ ನಾನು ದೂರದ ಹಳ್ಳಿ ಶಾಲೆಗಳಿಗೆ ಇಂಗ್ಲಿಷ್ ಕಲಿಸುತ್ತೇನೆ. ಅಲ್ಲಿನ ತೆರೆಯ ಮೇಲೆ ನನ್ನ ಮುಖ ಗೋಡೆಯಷ್ಟು ದೊಡ್ಡದಾಗಿ ಕಾಣುತ್ತದೆ. ಇಲ್ಲಿ ನನಗೆ ಮಕ್ಕಳು ಹೆಬ್ಬೆರಳಷ್ಟು. ಮಕ್ಕಳನ್ನು ನಾಳೆಯ ಜಗತ್ತಿಗೆ ತಯಾರು ಮಾಡುವುದು ಎಂದು ಮೇಲಿನವರು ಇದಕ್ಕೆ ಹೆಸರಿಟ್ಟಿದ್ದಾರೆ. ನನ್ನ ಪಾಲಿಗೆ ಅದು ದಿನವಿಡೀ ಗಂಟಲು ಹರಿದುಕೊಳ್ಳುವ ಕೆಲಸ.

ಆ ವರ್ಷ ನನಗೆ ತಾಕ್ವಾರೆಂಬೊ ಕಡೆಯ ಒಂದು ಪುಟ್ಟ ಶಾಲೆ ಸಿಕ್ಕಿತ್ತು. ಬೆರಳೆಣಿಕೆಯಷ್ಟು ಮಕ್ಕಳು, ಹೊರಗೆ ಬೇಲಿಗೆ ಕಟ್ಟಿದ ಅವರ ಕುದುರೆಗಳು, ಎಲ್ಲರನ್ನೂ ಒಬ್ಬಳೇ ನೋಡಿಕೊಳ್ಳುವ ನಿಲ್ದಾ ಎಂಬ ನಡುವಯಸ್ಸಿನ ಟೀಚರ್. ನನ್ನ ಪಾಠ ನಡೆಯುವಾಗ ಅವಳು ಗೋಡೆಗೆ ಒರಗಿ ನಿಂತು ಮಾತೆ ಎಂಬ ಎಲೆಯ ಕಷಾಯ ಹೀರುತ್ತಿದ್ದಳು.

ಆಗಸ್ಟ್, ನಮ್ಮ ಕಡೆ ಕಡು ಚಳಿಗಾಲ. ಮನೆಯವರ ಬಗ್ಗೆ ಪಾಠ. "ನಿನ್ನ ಅಮ್ಮ ಎಲ್ಲಿದ್ದಾಳೆ?" ಎಂದು ಇಂಗ್ಲಿಷಿನಲ್ಲಿ ಕೇಳುತ್ತಿದ್ದೆ. ಮಿಲ್ಟನ್ ಎಂಬ ತರಲೆ ಹುಡುಗ, ಅಡುಗೆಮನೆಯಲ್ಲಿ ತನಗೆ ಬಯ್ಯುತ್ತಿದ್ದಾಳೆ ಎಂದು ಹೇಗೋ ಹೇಳಿ ಎಲ್ಲರನ್ನೂ ನಗಿಸಿದ. ನಗು ನಿಂತಿತು. ಯಾರೂ ಬಾಯಿ ತೆರೆಯಲಿಲ್ಲ. ಆದರೂ ಕ್ಯಾಮೆರಾ ನಿಧಾನವಾಗಿ ಹೊರಳಿ ಕಿಟಕಿ ಪಕ್ಕದ ಕೊನೆಯ ಬೆಂಚನ್ನು ಹತ್ತಿರಕ್ಕೆಳೆದು ತೋರಿಸಿತು.

ಅಲ್ಲೊಬ್ಬಳು ಹುಡುಗಿ ಕೂತಿದ್ದಳು. ಎಲ್ಲರಂತೆ ಬಿಳಿ ನಿಲುವಂಗಿ, ಕೊರಳಲ್ಲಿ ನೀಲಿ ರಿಬ್ಬನ್ನು. ತುಟಿ ಆಡುತ್ತಿತ್ತು, ದನಿ ಮಾತ್ರ ಇಲ್ಲ. ಮುಂದಿನ ವಾರವೂ ಹಾಗೇ, ಅದರ ಮುಂದಿನ ವಾರವೂ ಹಾಗೇ. ನಿಲ್ದಾ ಒಮ್ಮೆಯಾದರೂ ಆ ಕಡೆ ತಿರುಗಿ ನೋಡಲಿಲ್ಲ. ನನ್ನ ಪಿತ್ತ ನೆತ್ತಿಗೇರಿತು.

"ನಿಲ್ದಾ, ಹಿಂದಿನ ಬೆಂಚಲ್ಲಿರೋ ಮಗೂನೂ ಸ್ವಲ್ಪ ಮಾತಾಡಿಸ್ರಿ. ಅದೇನು ಪಾಪ ಮಾಡಿದೆ?"

ಮಿಲ್ಟನ್ ಹಿಂದೆ ತಿರುಗಿ ನೋಡಿದ. "ಟೀಚರ್, ಅಲ್ಯಾರಿದ್ದಾರೆ? ಬರೀ ಬೆಂಚಿದೆ. ನಿಮ್ಮ ಕನ್ನಡಕ ಒರೆಸ್ಕೊಳ್ಳಿ."

ಯಾರೂ ನಗಲಿಲ್ಲ. ನಿಲ್ದಾ ಮಕ್ಕಳನ್ನು ಆಟಕ್ಕೆ ಕಳಿಸಿ ಬಾಗಿಲು ಹಾಕಿದಳು. ತೆರೆಯ ಹತ್ತಿರ ಬಂದು ಕೇಳಿದಳು: "ಎಡಗಡೆ ಹುಬ್ಬಿನ ಮೇಲೆ ಗಾಯದ ಗುರುತಿದೆಯಾ?"

ಇತ್ತು. ಇದೆ ಎಂದೆ.

"ನನ್ನ ಮಗಳು. ಯಾನೆಲಾ," ಎಂದಳು ನಿಲ್ದಾ. ಹೊಳೆ ಉಕ್ಕಿದ್ದ ಒಂದು ಬೆಳಿಗ್ಗೆ ಕುದುರೆಯ ಸಮೇತ ಕೊಚ್ಚಿಹೋದವಳು. ಆಗ ಆ ಶಾಲೆಗೆ ಕ್ಯಾಮೆರಾ ಇರಲಿ, ಕರೆಂಟೂ ಬಂದಿರಲಿಲ್ಲ.

ಪಕ್ಕದ ಕೋಣೆಯ ಸಹೋದ್ಯೋಗಿಯನ್ನು ಕರೆದು ತೋರಿಸಿದೆ. ಅವನಿಗೆ ಕಂಡದ್ದು ಖಾಲಿ ಬೆಂಚು. "ಬೆರ್ತಾ, ರಜೆ ತಗೊ," ಎಂದು ಬೆನ್ನು ತಟ್ಟಿ ಹೋದ. ರಜೆ ತೆಗೆದುಕೊಳ್ಳಬೇಕಿತ್ತು. ನನಗೆ ನಿಜಕ್ಕೂ ಭಯವಾಗಿತ್ತು. ಆದರೆ ಪ್ರತಿ ಪಾಠದ ಕೊನೆಗೆ ನಿಲ್ದಾ ಬಾಗಿಲು ಹಾಕಿ ನಿಲ್ಲುತ್ತಿದ್ದಳು. "ಇವತ್ತು ಹೇಗಿದ್ಲು? ತಲೆ ಬಾಚ್ಕೊಂಡಿದ್ಲಾ?" ಇದಕ್ಕೆ ಉತ್ತರ ಕೊಡದೆ ಏಳುವುದು ಹೇಗೆ?

ಒಂದು ಬದಲಾವಣೆ ಮಾತ್ರ ನಡೆಯುತ್ತಿತ್ತು. ಹುಡುಗಿ ಕಲಿಯುತ್ತಿದ್ದಳು. ಅಕ್ಟೋಬರಿನ ಹೊತ್ತಿಗೆ ಅವಳ ದನಿ ನನ್ನ ಕಿವಿಗೆ ಬೀಳತೊಡಗಿತು. ಎಲ್ಲರಿಗಿಂತ ಒಂದು ಕ್ಷಣ ತಡವಾಗಿ, ನಾನು ಹೇಳಿಕೊಟ್ಟ ವಾಕ್ಯಗಳನ್ನೇ ತಪ್ಪಿಲ್ಲದೆ ಒಪ್ಪಿಸುತ್ತಿದ್ದಳು. ಇಡೀ ವರ್ಷದಲ್ಲಿ ಅಷ್ಟು ಶುದ್ಧವಾಗಿ ಇಂಗ್ಲಿಷ್ ಕಲಿತ ಇನ್ನೊಂದು ಮಗು ನನಗೆ ಸಿಗಲಿಲ್ಲ.

ಡಿಸೆಂಬರಿನ ಕೊನೆಯ ಪಾಠದ ದಿನ ನಿಲ್ದಾ ವಿಷಯಕ್ಕೆ ಬಂದಳು. ಸಾಲ್ತೊ ಊರಲ್ಲಿ ರುಬೆನ್ ಎಂಬ ಲಾರಿ ಡ್ರೈವರ್ ಇವಳನ್ನು ಮದುವೆಯಾಗಲು ವರ್ಷಗಟ್ಟಲೆ ಕಾಯುತ್ತಿದ್ದ. ಅಲ್ಲಿಗೇ ವರ್ಗವೂ ಸಿಕ್ಕಿತ್ತು.

"ಪ್ರತಿಸಲ ಬಂದ ವರ್ಗಾನೂ ಬೇಡ ಅಂದೆ. ಅವಳು ಇಲ್ಲೇ ಎಲ್ಲೋ ಇದ್ದಾಳೆ ಅನ್ನಿಸ್ತಿತ್ತು. ಬಿಟ್ಟು ಹೋದ್ರೆ ನನ್ನ ಹುಡುಕ್ತಾಳೆ ಅಂತ. ಈಗ ನೀವೇ ಕೇಳಿ ಹೇಳಿ ಬೆರ್ತಾ. ನಾನು ಹತ್ರ ಇದ್ದೀನಿ ಅಂತ ಅವಳಿಗೆ ಗೊತ್ತಾ? ಗೊತ್ತಿದ್ರೆ ಇಲ್ಲಿಂದ ಕದಲಲ್ಲ."

ಅವಳು ಹೋಗಿ ಆ ಬೆಂಚಿನ ಪಕ್ಕ ನಿಂತಳು. ಅಂದಾಜಿನ ಮೇಲೆ ಚಾಚಿದ ಕೈ ಹುಡುಗಿಯ ತಲೆಯ ಮೇಲೇ ಇತ್ತು. ಡಿಸೆಂಬರಿನ ಬೇಸಿಗೆಯ ಸೆಕೆಗೆ ನಿಲ್ದಾಳ ಹಣೆ ಬೆವರುತ್ತಿತ್ತು. ಹುಡುಗಿಯ ಒಂದು ಕೂದಲೂ ಅಲುಗಲಿಲ್ಲ.

ಮೊದಲು ನಮ್ಮ ಮಾತಾದ ಸ್ಪ್ಯಾನಿಷಿನಲ್ಲಿ ಕೇಳಿದೆ. ಹುಡುಗಿ ಸುಮ್ಮನೆ ನನ್ನನ್ನೇ ನೋಡಿದಳು. ಆಮೇಲೆ ಪಾಠದಲ್ಲಿ ಕೇಳುವಂತೆ ಇಂಗ್ಲಿಷಿನಲ್ಲಿ ಕೇಳಿದೆ: "ನಿನ್ನ ಅಮ್ಮ ಎಲ್ಲಿದ್ದಾಳೆ?"

ಯಾನೆಲಾಳ ಮುಖ ಅರಳಿತು. ಬೆರಳೆತ್ತಿ ನೇರವಾಗಿ ನನ್ನನ್ನು ತೋರಿಸಿದಳು. "ನನ್ನ ಅಮ್ಮ ಅಲ್ಲಿದ್ದಾಳೆ," ಎಂದಳು.

"ಏನಂದ್ಲು?" ಎಂದಳು ನಿಲ್ದಾ.

ಒಂದು ಸುಳ್ಳು ನಾಲಗೆಯ ತುದಿಯಲ್ಲೇ ಇತ್ತು. ನಿಮ್ಮನ್ನೇ ತೋರಿಸಿದಳು ಎಂದಿದ್ದರೆ ಅವಳಿಗೆ ಎಷ್ಟು ಸಂತೋಷವಾಗುತ್ತಿತ್ತೋ. ಆ ಸಂತೋಷದಲ್ಲೇ ಅವಳು ಆ ಖಾಲಿ ಬೆಂಚಿಗೆ ಕಾವಲಾಗಿ ಸಾಯುತ್ತಿದ್ದಳು.

"ಅವಳಿಗೆ ನೀವು ಕಾಣಿಸ್ತಿಲ್ಲ ನಿಲ್ದಾ. ಇಡೀ ಕೋಣೆಯಲ್ಲಿ ಅವಳಿಗೆ ಕಾಣೋದು ನಾನೊಬ್ಬಳೇ. ನನ್ನೇ ಅಮ್ಮ ಅಂದ್ಕೊಂಡಿದ್ದಾಳೆ."

ನಿಲ್ದಾಳ ಕೈ ಗಾಳಿಯಲ್ಲೇ ಇತ್ತು. ಕೂಗಾಡುತ್ತಾಳೆ, ಇಲ್ಲ ನನ್ನನ್ನು ಶಪಿಸುತ್ತಾಳೆ ಎಂದುಕೊಂಡೆ. ಅವಳು ಕೈ ಇಳಿಸಿದಳು. ಕೂದಲಿಗೆ ತಾಗದಂತೆ, ಪಕ್ಕದಿಂದ ಇಳಿಸಿದಳು.

"ಹಂಗಾದ್ರೆ ಕೇಳಿಸ್ಕೊಳ್ಳಿ," ಎಂದಳು. "ಗಾಳಿಗೆ ಕೂತ್ರೆ ಅವಳಿಗೆ ಕೆಮ್ಮು ಬರತ್ತೆ. ಬೈದ್ರೆ ಅಳ್ತಾಳೆ. ನಿಮಗೆ ಸಿಡುಕು ಜಾಸ್ತಿ, ಅವಳ ಮೇಲೆ ಸಿಡುಕಬೇಡಿ."

"ಸಿಡುಕಲ್ಲ," ಎಂದೆ. ಅಷ್ಟನ್ನು ಹೇಳುವುದರಲ್ಲಿ ನನಗೆ ಅಳು ಬಂತು. ನಿಲ್ದಾ ತಲೆಯಾಡಿಸಿ, ಹಿಂತಿರುಗಿ ನೋಡದೆ ಹೊರಗೆ ಹೋದಳು.

ಜನವರಿಯಲ್ಲಿ ಅವಳು ಸಾಲ್ತೊಗೆ ಹೋದಳು, ಮದುವೆಯಾದಳು. ಆ ಶಾಲೆಗೆ ಬೀಗ ಬಿತ್ತು. ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಮಾರ್ಚಿನಲ್ಲಿ ನನಗೆ ರೋಚಾ ಕಡೆಯ ಬೇರೊಂದು ಶಾಲೆ ಕೊಟ್ಟರು. ಮೊದಲ ಪಾಠ, ಹೊಸ ಮುಖಗಳು. ಹೆಸರು ಕೇಳುತ್ತಾ ಹಿಂದಿನ ಸಾಲಿನವರೆಗೆ ಹೋದೆ. ಅಲ್ಲಿ, ತೆರೆದ ಕಿಟಕಿಯ ಕೆಳಗೆ, ಅವಳು ಕೂತಿದ್ದಳು. ನನ್ನನ್ನು ಕಂಡದ್ದೇ ಕಣ್ಣರಳಿಸಿ ನಕ್ಕಳು.

ಕಂಪ್ಯೂಟರ್ ಆರಿಸಿ ಎದ್ದುಹೋಗಲು ಕೈ ಚಾಚಿದೆ. ಆಗ ಅವಳು ಕೆಮ್ಮಿದಳು.

"ಮೇಷ್ಟ್ರೇ, ಆ ಹಿಂದಿನ ಕಿಟಕಿ ಸ್ವಲ್ಪ ಹಾಕ್ತೀರಾ?" ಎಂದೆ.

"ಈ ಸೆಕೇಲಾ?" ಎಂದರು ಅಲ್ಲಿನ ಮೇಷ್ಟ್ರು. "ಯಾಕ್ರೀ?"

"ನನ್ನ ಮಗಳಿಗೆ ಕೆಮ್ಮು," ಎಂದೆ.