ಸುಭದ್ರಾಳ ನೂರಿಪ್ಪತ್ತೆಂಟು ಎಂಬಿ

ಎರಡು ಸಾವಿರದ ನಾಲ್ಕರಲ್ಲಿ ಸುಭದ್ರಾ ಮೂಡಿಗೆರೆಯ ತನ್ನ ಮನೆಯಲ್ಲೇ ಗಣಿತದ ಟ್ಯೂಷನ್ ಹೇಳುತ್ತಿದ್ದಳು. ಕೊಟ್ಟಿಗೆಹಾರದಿಂದಲೂ ಹುಡುಗಿಯರು ಬರುತ್ತಿದ್ದರು. ಪ್ರಶ್ನೆಪತ್ರಿಕೆ ಟೈಪ್ ಮಾಡಲು ಒಂದು ಹಳೆಯ ಕಂಪ್ಯೂಟರ್ ಇತ್ತು. ಮ್ಯಾಗಝೀನ್ ಜೊತೆ ಬಂದ ಸೀಡಿಯಿಂದ ಅದಕ್ಕೆ ತಾನೇ ಲಿನಕ್ಸ್ ಎಂಬ ಪುಕ್ಕಟೆ ಆಪರೇಟಿಂಗ್ ಸಿಸ್ಟಂ ಹಾಕಿದಳು. ಹಾಕಿದ್ದೇ ತಡ, ಕಂಪ್ಯೂಟರ್ ತೆವಳತೊಡಗಿತು. ಏನು ತೆರೆದರೂ ಹಾರ್ಡ್ ಡಿಸ್ಕ್ ಗರಗರ ಅನ್ನುವುದು, ಮೌಸ್ ನಿಂತಲ್ಲೇ ನಿಲ್ಲುವುದು.

ಗಂಡನ ಅಣ್ಣ ರವಿಶಂಕರನಿಗೆ ಚಿಕ್ಕಮಗಳೂರಿನಲ್ಲಿ ಕಂಪ್ಯೂಟರ್ ಅಂಗಡಿ. ಭಾನುವಾರ ಬಂದವನು ಏನೋ ಟೈಪ್ ಮಾಡಿ, ಸ್ಕ್ರೀನಿನಲ್ಲಿ ಮೂಡಿದ ಮೆಮೊರಿ ಲೆಕ್ಕದ ಸಾಲುಗಳನ್ನು ತೋರಿಸಿದ.

“ನೋಡು, ನೂರಿಪ್ಪತ್ತೆಂಟು ಎಂಬಿಲಿ ನಾಲ್ಕೇ ಖಾಲಿ. ಐನೂರ ಹನ್ನೆರಡು ಇಲ್ದೆ ಇದು ನಡೆಯಲ್ಲ. ಇದನ್ನ ತಗೊಂಡೋಗಿ ಹೊಸದು ಕಳಿಸ್ತೀನಿ.”

“ಬೇಡ ಭಾವ. ಇಲ್ಲೇ ಇರ್ಲಿ.”

“ಎಂಥ ಹಠ ಮಾರಾಯ್ತಿ!”

“ಹೌದು, ಹಠವೇ. ನನ್ನ ಕೆಲಸಕ್ಕೆ ಎಷ್ಟು ಬೇಕು ಅಂತ ನಾನೇ ನೋಡ್ತೀನಿ.”

ಅವನು ಹೋದ ಮೇಲೆ ಸೀಡಿಯಲ್ಲಿದ್ದ ವಿವರಣೆಗಳನ್ನೆಲ್ಲ ಓದಿದಳು. ಲಿನಕ್ಸ್ ಖಾಲಿ ಮೆಮೊರಿಯನ್ನು ಸುಮ್ಮನೆ ಬಿಡುವುದಿಲ್ಲ, ಡಿಸ್ಕಿನಿಂದ ಓದಿದ್ದನ್ನು ಅಲ್ಲಿ ಇಟ್ಟುಕೊಂಡಿರುತ್ತದೆ, ಬೇಕೆಂದಾಗ ಬಿಟ್ಟುಕೊಡುತ್ತದೆ. ಭಾವ ನೋಡಿದ್ದು ಹಾಗೆ ಇಟ್ಟುಕೊಂಡಿದ್ದನ್ನೂ ಸೇರಿಸಿ ಲೆಕ್ಕ ಹೇಳುವ ಮೇಲಿನ ಸಾಲು. ನಿಜವಾಗಿ ಖರ್ಚಾಗಿದ್ದು ಕೆಳಗಿನ ಸಾಲಿನಲ್ಲಿತ್ತು: ತೊಂಬತ್ತು ಚಿಲ್ಲರೆ ಎಂಬಿ. ಅದೂ ಬಹುಪಾಲು ಅಲಂಕಾರದ ಡೆಸ್ಕ್‌ಟಾಪಿಗೆ, ಮನೆಯಲ್ಲಿ ಇಲ್ಲದ ನೆಟ್‌ವರ್ಕ್ ಕಾಯುತ್ತ ಕೂತ ಪ್ರೋಗ್ರಾಂಗಳಿಗೆ. ಉಳಿದದ್ದು ಸಾಲದಾದಾಗ ಕಂಪ್ಯೂಟರ್ ಡಿಸ್ಕನ್ನೇ ಮೆಮೊರಿಯಂತೆ ಬಳಸುತ್ತಿತ್ತು, ಗರಗರ ಅದಕ್ಕೇ. ಬೇಡದ್ದನ್ನು ಒಂದೊಂದಾಗಿ ನಿಲ್ಲಿಸುತ್ತ ಹೋದಳು.

ಒಂದು ದಿನ ಕಂಪ್ಯೂಟರ್ ಆನ್ ಮಾಡಿದರೆ ಕಪ್ಪು ಪರದೆ, ಬರೀ ಬಿಳಿ ಅಕ್ಷರ.

“ಅಣ್ಣಂಗೆ ಫೋನ್ ಮಾಡ್ಲಾ?” ಅಂದ ಗಂಡ ಯಶವಂತ.

“ಮಾಡಿ ನೋಡಿ!”

ಅವನು ಮಾಡಲಿಲ್ಲ. ಸುಭದ್ರಾ ಅಗತ್ಯವಿದ್ದ ಒಂದು ಪ್ರೋಗ್ರಾಮನ್ನೂ ನಿಲ್ಲಿಸಿಬಿಟ್ಟಿದ್ದಳು. ಅದನ್ನು ಹುಡುಕಿ ಸರಿಮಾಡಿ, ಹಗುರವಾದ ಬೇರೆ ಡೆಸ್ಕ್‌ಟಾಪ್ ಹಾಕಿದಳು. ಕೆಳಗಿನ ಸಾಲು ನಲವತ್ತಕ್ಕಿಳಿಯಿತು.

ರವಿಶಂಕರ ಮತ್ತೆ ಬಂದಾಗ ಅವನೆದುರೇ ಪ್ರಶ್ನೆಪತ್ರಿಕೆ ತೆರೆದು, ತಿದ್ದಿ, ಪ್ರಿಂಟ್ ಕೊಟ್ಟಳು. ಎಲ್ಲೂ ತಡವಾಗಲಿಲ್ಲ. ಅವನು ಬಿಡಬೇಕಲ್ಲ! ಬ್ರೌಸರನ್ನೂ ದೊಡ್ಡ ಆಫೀಸ್ ಪ್ರೋಗ್ರಾಮನ್ನೂ ಒಟ್ಟಿಗೆ ತೆರೆದ. ಡಿಸ್ಕ್ ಗರಗರ ಶುರುವಾಯಿತು.

“ಕೇಳ್ತಾ?” ಅಂದ.

“ಕೇಳ್ತು. ಎರಡನ್ನೂ ಒಟ್ಟಿಗೆ ಹೊರೋಕೆ ಅದಕ್ಕಾಗಲ್ಲ. ನಾನು ಹೊರಿಸೋದೂ ಇಲ್ಲ.”

ಅವನು ಬ್ಯಾಗಿನಿಂದ ಹೆಚ್ಚಿನ ಮೆಮೊರಿಗೆಂದು ಒಂದು ರ‍್ಯಾಮ್ ತೆಗೆದು ಮೇಜಿನ ಮೇಲಿಟ್ಟ. “ಸುಮ್ನೆ ಇಟ್ಕೊ.”

ಸುಭದ್ರಾ ಅದನ್ನು ಅವನ ಕಡೆಗೇ ಸರಿಸಿದಳು. “ಬೇಕಾದಾಗ ನಾನೇ ಕೇಳ್ತೀನಿ, ಭಾವ.”

ಆ ವರ್ಷ ಪೂರ್ತಿ ಅವಳು ಕೇಳಲಿಲ್ಲ.