ಸೋಪಾನ ಒರೆಸಿದ ಹ್ಯಾಂಡಲ್

"ಒರಸಾಕ ಯಾರು ಹೇಳಿದ್ರಲೇ ಅವ್ಗ? ಗಾಡಿ ಏನು ನಿಮ್ಮಪ್ಪಂದಾ, ದಿನಾ ಮುಂಜಾನೆ ಜಳಕಾ ಮಾಡಸಾಕ?"

ಬಾಂದಲ ಹೀಗೆ ಬೈಯುವ ಹೊತ್ತಿಗೆ ನಮ್ಮ ಜೊತೆಯ ಡ್ರೈವರ ಸೋಪಾನನ ಬೂದಿ ಇಂದ್ರಾಯಣಿ ಹೊಳೆಯ ದಂಡೆಯ ಮೇಲೆ ಇನ್ನೂ ಬೆಚ್ಚಗಿತ್ತು. ನಾವು ಉಳಿದ ಡ್ರೈವರುಗಳು ತಗಡಿನ ಶೆಡ್ಡಿನ ಮುಂದೆ ನೆಲ ನೋಡುತ್ತ ನಿಂತಿದ್ದೆವು. ನಮ್ಮನ್ನು ಕಂಪನಿಗೆ ದುಡಿಯಲು ಹಚ್ಚಿದ ಗುತ್ತಿಗೆದಾರ ಬಾಂದಲ. ಅವನ ಕೈಯಲ್ಲಿ ರಿಕ್ಷಾದ ಮುರಿದ ಹ್ಯಾಂಡಲಿನ ಒಂದು ತುಂಡಿತ್ತು. ಕರಿ ಪ್ಲಾಸ್ಟಿಕ್ಕಿನ ಆ ತುಂಡಿನ ಮೈಮೇಲೆ ಕೂದಲೆಳೆಯಂಥ ಬಿರುಕುಗಳು, ಒಣಗಿದ ಕೆರೆಯ ತಳದ ಹಾಗೆ.

"ಇಂಜಿನೇರ್ ಸಾಹೇಬ್ರು ತಪಾಸ್ ಮಾಡ್ಯಾರ. ಈ ಪ್ಲಾಸ್ಟಿಕ್ಕಿಗೆ ಡೀಸೆಲ್ ಆಗಿಬರೂದಿಲ್ಲ. ಹಚ್ಚಿ ಹಚ್ಚಿ ಅದನ್ನ ಕೊಂದ, ಅದು ಅವನ್ನ ಕೊಂತು. ಕೇರಿ ಬುದ್ಧಿ, ಬೋಳೀಮಗಂದು."

ಸತ್ತವನಿಗೆ ಉತ್ತರ ಕೊಡಲು ಬಾಯಿಲ್ಲ. ನಮಗಿತ್ತು. ನನ್ನ ಕೈ ಕೊರಳಿನ ತುಳಸಿ ಮಣಿಯ ಕಡೆ ಹೋಯಿತು, ಅಲ್ಲೇ ನಿಂತಿತು.

ಹೊಸ ರಿಕ್ಷಾವನ್ನು ಮಾರುವ ಮೊದಲು ಕಂಪನಿ ಅದನ್ನು ಕೆಟ್ಟ ದಾರಿಯಲ್ಲಿ ಓಡಿಸಿ ನೋಡುತ್ತದೆ. ಆ ಕೆಟ್ಟ ದಾರಿಯನ್ನೂ ಕಂಪನಿಯೇ ಖರ್ಚು ಮಾಡಿ ಕಟ್ಟಿಸಿದೆ. ಪುಣೆ ಹತ್ತಿರದ ಚಾಕಣದ ಆಚೆ, ನಮ್ಮ ಕೇರಿಯ ಆಡು ಮೇಯುತ್ತಿದ್ದ ಗಾಯರಾಣ ಎಂಬ ಗೋಮಾಳದಲ್ಲಿ ತಗ್ಗು, ದಿಬ್ಬ, ಗುಂಡುಕಲ್ಲಿನ ಹಾಸು, ಕೆಸರಿನ ಹೊಂಡ ಎಲ್ಲವನ್ನೂ ಅಳೆದು ಮಾಡಿಸಿದ್ದಾರೆ. ಆಡುಗಳು ಹೋದವು, ನಾವು ಒಳಗೆ ಬಂದೆವು. ಹಿಂದಿನ ಸೀಟಿನಲ್ಲಿ ಮನುಷ್ಯರ ಬದಲು ಉಸುಕಿನ ಚೀಲ ಕೂರಿಸಿ ಬೆಳಗಿನಿಂದ ಸಂಜೆಯ ತನಕ ಸುತ್ತುವುದು ನಮ್ಮ ಕೆಲಸ. ಚೀಲಗಳಿಗೆ ಬೆನ್ನು ನೋಯುವುದಿಲ್ಲ.

ಹಗುರ ಹ್ಯಾಂಡಲ್ ಮಾಡಲು ಬಂದ ಇಂಜಿನಿಯರು ಪರಾಂಜಪೆ ಸಾಹೇಬರು. ತೆಳ್ಳನೆಯ ಮನುಷ್ಯ, ಮೆತ್ತನೆಯ ಮಾತು. ನಮ್ಮಲ್ಲಿ ವಯಸ್ಸಾದವರನ್ನು ಕಾಕಾ ಎಂದು ಕರೆಯುತ್ತಿದ್ದರು. ಹಳೇ ಹ್ಯಾಂಡಲಿನಲ್ಲಿ ಕಬ್ಬಿಣದ ಕೊಳವೆ, ತಗಡು, ಬೋಲ್ಟು, ಹತ್ತಾರು ತುಂಡುಗಳು. ಹೊಸದರಲ್ಲಿ ನಡುಗಂಬದಿಂದ ಕೈಹಿಡಿಯ ತನಕ ಎಲ್ಲ ಒಂದೇ ಅಚ್ಚಿನಲ್ಲಿ ಬಿದ್ದ ಪ್ಲಾಸ್ಟಿಕ್ಕು, ಒಳಗೆ ಜೇನುಗೂಡಿನಂಥ ಗೋಡೆಗಳು. ಒಂದು ಹ್ಯಾಂಡಲ್ ನಮ್ಮ ಕೈಯಲ್ಲಿ ಮುರಿಯದೆ ಉಳಿದರೆ ಸಾಹೇಬರು ಅದರ ಒಳಗೋಡೆಯನ್ನು ಇನ್ನಷ್ಟು ತೆಳ್ಳಗೆ ಮಾಡಿ ಮತ್ತೊಂದು ತರುತ್ತಿದ್ದರು. ಗಾಡಿ ಹಗುರಾದಷ್ಟೂ ಎಣ್ಣೆ ಕಡಿಮೆ ಕುಡಿಯುತ್ತದೆ, ಡ್ರೈವರನ ತೋಳಿಗೂ ಸುಖ ಎಂದು ತಿಳಿಸಿ ಹೇಳಿದ್ದರು.

ಅದರಲ್ಲಿ ಸುಳ್ಳಿರಲಿಲ್ಲ. ಹಳೇ ಹ್ಯಾಂಡಲ್ ಹಿಡಿದ ಸಂಜೆ ಸೋಪಾನನಿಗೆ ಭಾಕ್ರಿ ಮುರಿಯಲು ಬೆರಳು ಮಡಚುತ್ತಿರಲಿಲ್ಲ, ಅವನ ಹೆಂಡತಿ ರಖಮಾ ವೈನಿ ಮುರಿದು ಕೊಡುತ್ತಿದ್ದಳು. ಹೊಸದು ಬಂದ ಮೇಲೆ ತಾನೇ ಮುರಿದುಕೊಂಡು ಉಂಡ. ಸಾಹೇಬ ನಮ್ಮ ತೋಳು ನೆನೆಸಿಕೊಂಡು ಮಾಡಿದ್ದಾನೆ, ಅವನ ಹೊಟ್ಟೆ ತಣ್ಣಗಿರಲಿ ಎಂದು ಅವನು ಅಂದದ್ದನ್ನು ನಾನೇ ಕೇಳಿದ್ದೇನೆ.

ಇನ್ನು ಒರೆಸುವುದರ ಮಾತು. ನಮ್ಮ ಕಡೆ ಗಾಡಿಯನ್ನು ಒರೆಸದೆ ಹತ್ತುವವನನ್ನು ಡ್ರೈವರ ಎನ್ನುವುದಿಲ್ಲ. ಹಳೇ ಸೀರೆಯ ತುಂಡು, ಅದಕ್ಕೆ ನಾಲ್ಕು ಹನಿ ಡೀಸೆಲ್, ಮೊದಲು ಹ್ಯಾಂಡಲ್, ಆಮೇಲೆ ಉಳಿದ ಮೈ. ಕಬ್ಬಿಣ ತುಕ್ಕು ಹಿಡಿಯುವುದಿಲ್ಲ, ಧೂಳು ಕೂರುವುದಿಲ್ಲ. ಒರೆಸಿದ ಕೈಯನ್ನು ಕಣ್ಣಿಗೆ ಒತ್ತಿಕೊಂಡು ಹತ್ತುವುದು. ನಾವೆಲ್ಲ ಅವಸರದಲ್ಲಿ ಒರೆಸುತ್ತಿದ್ದೆವು. ಸೋಪಾನನದು ಹಾಗಲ್ಲ. ಕೂಸಿನ ಕಿವಿಯ ಹಿಂದೆ ಒರೆಸುವ ಹಾಗೆ ಒಂದೊಂದು ಸಂದಿಗೂ ಬೆರಳು ಹಾಕಿ, ಬಾಯಲ್ಲಿ ವಿಠ್ಠಲ ವಿಠ್ಠಲ ಎನ್ನುತ್ತಿದ್ದ. ನಮ್ಮೂರಿನ ವಿಠೋಬನ ಗುಡಿಯಲ್ಲಿ ಕೇರಿಯವರು ಹೊರಗಿನ ಕಂಬ ದಾಟುವಂತಿಲ್ಲ. ಮುಟ್ಟಿ ಮಾಡುವ ಪೂಜೆ ಅಂತ ಅವನಿಗೆ ಸಿಕ್ಕಿದ್ದು ಇದೊಂದೇ.

ಕಬ್ಬಿಣ ಹೋಗಿ ಪ್ಲಾಸ್ಟಿಕ್ಕು ಬಂದಾಗ ಒರೆಸುವುದನ್ನು ಬಿಡಿ ಎಂದು ಯಾರೂ ಹೇಳಲಿಲ್ಲ. ಹೇಳುವುದಿರಲಿ, ಒಂದು ಮುಂಜಾನೆ ಪರಾಂಜಪೆ ಸಾಹೇಬರು ಪುಣೆಯ ದೊಡ್ಡವರನ್ನು ಕರೆದುಕೊಂಡು ಬಂದಾಗ ಸೋಪಾನ ಆಗಷ್ಟೇ ಒರೆಸಿ ಮುಗಿಸಿದ್ದ, ಬಟ್ಟೆ ಅವನ ಕೈಯಲ್ಲೇ ಇತ್ತು. ಎಳೆಬಿಸಿಲಿಗೆ ಹ್ಯಾಂಡಲ್ ಕರಿಶಿಲೆಯ ದೇವರಂತೆ ಹೊಳೆಯುತ್ತಿತ್ತು. ಸಾಹೇಬರು ಅದರ ಮೇಲೆ ಬೆರಳಾಡಿಸಿ, ಬಂದವರಿಗೆ ತೋರಿಸಿ, "ಚೊಲೋ ಹೊಳೀತೈತಿ, ಕಾಕಾ" ಎಂದರು. ಸೋಪಾನ ಈ ಮಾತನ್ನು ಕೇರಿಯ ಮನೆ ಮನೆಯಲ್ಲಿ ಹೇಳಿದ. ಕೇಳಿದವರಿಗೇ ಎರಡೆರಡು ಸಲ ಹೇಳಿದ.

ದಸರೆಗೆ ಇನ್ನೂ ಹೊಸದೊಂದು ಹ್ಯಾಂಡಲಿಗೆ ಪೂಜೆಯಾಯಿತು. ಬಿಳಿ ಬಟ್ಟೆ ಹಾಸಿದ ಮೇಜು, ಚೆಂಡುಹೂವು, ಕಾಯಿ. ಆರತಿ ಮುಗಿದ ಮೇಲೆ ಎಲ್ಲರೂ ಮುಟ್ಟಿ ನಮಸ್ಕರಿಸುತ್ತಿದ್ದರು. ಸೋಪಾನನೂ ಸಾಲಿನಲ್ಲಿ ಮುಂದೆ ಹೋದ. ಭಟ್ಟ ಆರತಿ ತಟ್ಟೆಯನ್ನು ಅಡ್ಡ ಹಿಡಿದ.

"ಅಲ್ಲೇ ನಿಂದ್ರಪಾ. ದೂರಿಂದ ಕೈ ಮುಗದ್ರೂ ಮುಟ್ಟತೈತಿ."

ಸೋಪಾನ ನಕ್ಕು ಹಿಂದೆ ಸರಿದ. ಸಾಹೇಬರು ಪ್ರಸಾದದ ಪೇಡೆ ತಿನ್ನುತ್ತಿದ್ದರು. ನೋಡಿದರೋ ಇಲ್ಲವೋ, ನನಗೆ ತಿಳಿಯದು. ಮರುದಿನ ಅದೇ ಹ್ಯಾಂಡಲನ್ನು ಸೋಪಾನನ ಗಾಡಿಗೇ ಕೂರಿಸಿದರು. ಅದು ಎಲ್ಲಕ್ಕಿಂತ ಹಗುರವಾದದ್ದು. ಅದರ ಮೇಲಿದ್ದ ಭಟ್ಟನ ಕುಂಕುಮವನ್ನು ಡೀಸೆಲ್ ಬಟ್ಟೆಯಿಂದ ಒರೆಸಿ ತೆಗೆದವನು ಸೋಪಾನನೇ. "ಈಗ ಮುಟ್ಟೇನಿ ನೋಡು, ತುಳಶಾ" ಎಂದು ನನಗೆ ಕಣ್ಣು ಹೊಡೆದ.

ದೀಪಾವಳಿ ಕಳೆದು ಕಬ್ಬಿನ ಗಾಡಿಗಳು ಓಡಾಡುವ ಕಾಲಕ್ಕೆ ಅದು ಮುರಿಯಿತು. ಗುಂಡುಕಲ್ಲಿನ ಹಾಸಿನಿಂದ ಇಳಿಯುವ ತಿರುವಿನಲ್ಲಿ ನಾನು ಅವನ ಹಿಂದಿನ ಗಾಡಿಯಲ್ಲಿದ್ದೆ. ಸೋಪಾನನ ಎರಡೂ ಕೈ ಮೇಲೆದ್ದದ್ದು ಕಂಡಿತು. ಕೈಯಲ್ಲಿ ಹ್ಯಾಂಡಲ್ ಇತ್ತು. ಗಾಡಿ ಅದಕ್ಕೂ ತನಗೂ ಸಂಬಂಧವಿಲ್ಲ ಎಂಬಂತೆ ತನ್ನ ಪಾಡಿಗೆ ತಾನು ಹೋಗಿ, ದಾರಿಯ ಅಂಚಿನ ಗೋಡೆಗೆ ತಾಗಿ, ಮಗುಚಿತು. ಉಸುಕಿನ ಚೀಲಗಳೆಲ್ಲ ಅವನ ಮೇಲೆ ಬಂದವು. ನಾವು ಒಂದೊಂದೇ ಎಳೆದು ತೆಗೆದಾಗ ಅವನ ಬಾಯಲ್ಲಿ ಉಸುಕು ತುಂಬಿತ್ತು. ಬೆರಳು ಬಿಡಿಸಿ ಹ್ಯಾಂಡಲ್ ತೆಗೆಯುವುದು ಕಷ್ಟವಾಯಿತು.

ಕಾರ್ಖಾನೆಗಳ ತಪಾಸಣೆಯ ಸರ್ಕಾರಿ ಸಾಹೇಬರು ಬರುತ್ತಾರೆಂದು ಗೊತ್ತಾದಾಗ ಬಾಂದಲ ನಮ್ಮನ್ನು ಮತ್ತೆ ನಿಲ್ಲಿಸಿದ. ಈ ಸಲ ಬೈಯಲಿಲ್ಲ, ಚಹಾ ತರಿಸಿದ. ಹ್ಯಾಂಡಲಿಗೆ ಎಣ್ಣೆ ಮುಟ್ಟಿಸಬೇಡಿ ಎಂದು ಪರಾಂಜಪೆ ಸಾಹೇಬರು ಮೊದಲೇ ಹೇಳಿದ್ದರು, ಸೋಪಾನ ಕೇಳಲಿಲ್ಲ. ತಪಾಸಣೆಯವರು ಕೇಳಿದರೆ ಇಷ್ಟು ಹೇಳಿದರೆ ಸಾಕು ಎಂದ. ಹ್ಯಾಂಡಲಿನ ತಪ್ಪಿಲ್ಲ ಎಂದಾದರೆ ಅದು ಅಚ್ಚಿಗೆ ಹೋಗಿ ಮಾರಾಟಕ್ಕೆ ಬರುತ್ತದೆ, ನಮ್ಮ ಕೆಲಸವೂ ಉಳಿಯುತ್ತದೆ.

"ಇಲ್ಲಾಂದ್ರ ಆಡು ಕಾಯಾಕ ಹೋಗ್ರಿ" ಎಂದ. ಆಮೇಲೆ ತಾನೇ ನಕ್ಕ. "ಕಾಯಾಕ ಜಾಗಾನೂ ಉಳದಿಲ್ಲಲ್ಲಪಾ ನಿಮಗ."

ಸಂಜೆ ನಾನು ವೈನಿಯ ಮನೆಗೆ ಹೋದೆ. ಅವಳು ಒಲೆ ಹಚ್ಚಿರಲಿಲ್ಲ. ನೆರೆಯವರು ಕೊಟ್ಟ ಝುಣಕ ತಟ್ಟೆಯಲ್ಲಿ ಗಟ್ಟಿಯಾಗಿತ್ತು. ಬಾಂದಲ ಹೇಳಿದ್ದನ್ನೆಲ್ಲ ಹೇಳಿದೆ.

"ಹೇಳಿದ್ರಾ ಅವ್ರು, ಒರಸಬ್ಯಾಡ ಅಂತ?"

"ಇಲ್ಲ ವೈನಿ."

"ಗಂಡ ಹೋದ, ಅದಕ್ಕ ಯಾರನ್ನ ಕೇಳೂಣು. ಅವನ ಕೈನ ಅವನ್ನ ಕೊಂತು ಅಂತ ಅನ್ನಬ್ಯಾಡ್ರಿ ತುಳಶಾ. ಆ ಕೈ ನನಗ ಗೊತ್ತೈತಿ."

ಅಷ್ಟು ಹೇಳಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಮನೆಗೆ ಬಂದು ವಿಠೋಬನ ಪಟದ ಮುಂದೆ ಕುಳಿತೆ. ಅವನು ಎಂದಿನಂತೆ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದ. ಅವನಿಂದ ನನಗೆ ಯಾವ ಅಪ್ಪಣೆಯೂ ಬರಲಿಲ್ಲ. ಅಪ್ಪಣೆ ಕೊಡುವಷ್ಟು ಕಷ್ಟದ ಮಾತು ಇದಲ್ಲ ಎಂದುಕೊಂಡನೋ ಏನೋ.

ತಪಾಸಣೆಯ ಸಾಹೇಬರು ಎ.ಸಿ. ಕೋಣೆಯಲ್ಲಿ ಕುಳಿತು ನಮ್ಮನ್ನು ಬಾಗಿಲ ಹೊರಗೆ ನಿಲ್ಲಿಸಿ ಕೇಳಿದರು. ಕಾಲಿನ ಮಣ್ಣು ಒಳಗೆ ಬರಬಾರದಂತೆ. ಮೊದಲು ನಮ್ಮ ಜೊತೆಯ ಡ್ರೈವರ ಗೆನೂನನ್ನು ಕೇಳಿದರು. ಅವನ ಮನೆಯಲ್ಲಿ ಬಾಣಂತಿ ಮಗಳು. "ಹೇಳಿದ್ರು ಸಾಹೇಬ್ರ" ಎಂದ. ಅವನ ನಂತರದವರೂ ಅದನ್ನೇ ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ.

ನನ್ನ ಪಾಳಿ ಬಂತು.

"ಹೇಳಿಲ್ರಿ. ಅವ ಒರಸಿದ್ದನ್ನ ನೋಡಿ, ಚೊಲೋ ಹೊಳೀತೈತಿ ಕಾಕಾ ಅಂದಿದ್ರು."

ಬಾಂದಲ ಹಲ್ಲು ಕಡಿದದ್ದು ಕೇಳಿಸಿತು. ತಪಾಸಣೆಯ ಸಾಹೇಬರು ಪರಾಂಜಪೆ ಸಾಹೇಬರ ಕಡೆ ತಿರುಗಿದರು. ಅವರು ಕನ್ನಡಕ ತೆಗೆದು, ಮಡಿಚಿ, ಮತ್ತೆ ಬಿಚ್ಚಿ ಹಾಕಿಕೊಂಡರು.

"ನೆನಪಿಲ್ರಿ ನನಗ."

ಹೇಳಿದರು ಎನ್ನುವವರು ಹೆಚ್ಚು, ಇಲ್ಲ ಎನ್ನುವವನು ಒಬ್ಬ. ತಪಾಸಣೆ ಮುಗಿಯಿತು. ಬಾಂದಲ ನನ್ನ ರಟ್ಟೆ ಹಿಡಿದು ಗೇಟಿನ ತನಕ ತಂದು, ನನ್ನ ತಾಯಿಯ ಹೆಸರು ಸೇರಿಸಿ ಬೈದು, ಹೊರಗೆ ಬಿಟ್ಟ. ಹಿಂದೆಯೇ ಪರಾಂಜಪೆ ಸಾಹೇಬರು ಬಂದರು. ಅವರ ಮುಖ ಬಿಳಿಚಿತ್ತು. ಗೇಟಿನ ಸರಳಿನ ಆ ಕಡೆ ನಿಂತು ಮೆಲ್ಲಗೆ ಹೇಳಿದರು:

"ಇನ್ನ ಮುಂದ ಹ್ಯಾಂಡಲ್ ಮ್ಯಾಲ ಬರಸ್ತೀನಿ ಕಾಕಾ, ಎಣ್ಣಿ ಹಚ್ಚಬಾರ್ದು ಅಂತ."

ಮಾತಿಗೆ ತಪ್ಪಲಿಲ್ಲ, ಬರೆಸಿದರು. ಹ್ಯಾಂಡಲಿನ ಅಡಿಭಾಗದಲ್ಲಿ, ಒಂದು ಅಂಟುಚೀಟಿಯ ಮೇಲೆ, ಇರುವೆಯ ಸಾಲಿನಷ್ಟು ಸಣ್ಣದಾಗಿ, ಇಂಗ್ಲಿಷಿನಲ್ಲಿ.

ಈಗ ಆ ರಿಕ್ಷಾಗಳು ಚಾಕಣದ ಸ್ಟ್ಯಾಂಡಿನಲ್ಲೂ ಇವೆ. ನಾನು ಉಳ್ಳಾಗಡ್ಡಿ ಪೇಟೆಯಲ್ಲಿ ಚೀಲ ಹೊರುತ್ತೇನೆ. ರಖಮಾ ವೈನಿ ಮೆಂತೆ, ಕೊತ್ತಂಬರಿ ಬುಟ್ಟಿ ಹೊತ್ತು ಅದೇ ಪೇಟೆಗೆ ಬರುತ್ತಾಳೆ. ಹಳೇ ಗಾಡಿ ಸಿಕ್ಕರೆ ಹತ್ತುತ್ತಾಳೆ, ಹೊಸದಾದರೆ ನಡೆಯುತ್ತಾಳೆ.

ಮೊನ್ನೆ ಸೋಮವಾರ ಮುಂಜಾನೆ ಸ್ಟ್ಯಾಂಡಿನ ಹತ್ತಿರ ಗದ್ದಲ ಕೇಳಿ ನಾನು ಚೀಲ ಇಳಿಸಿ ಓಡಿದೆ. ಒಬ್ಬ ಡ್ರೈವರ ತನ್ನ ಹೊಸ ಗಾಡಿ ಒರೆಸಲು ಬಟ್ಟೆಗೆ ಡೀಸೆಲ್ ಹಾಕುತ್ತಿದ್ದನಂತೆ. ವೈನಿ ಬೇಡ ಎಂದಳಂತೆ, ತನ್ನ ಗಂಡ ಸತ್ತದ್ದನ್ನೂ ಹೇಳಿದಳಂತೆ. ಅವನು ಕೆಟ್ಟವನಲ್ಲ, ಸತ್ತವನಿಗೆ ಕೈ ಮುಗಿದ. ಆದರೆ ಗಾಡಿ ಲಕ್ಷ್ಮಿ, ಒರೆಸದೆ ಹತ್ತಿದರೆ ಬರಕತ್ತಿಲ್ಲ ಎಂದು ಮತ್ತೆ ಬಟ್ಟೆ ಎತ್ತಿದ. ಆಗ ವೈನಿ ಬುಟ್ಟಿಯನ್ನು ರಸ್ತೆಯ ಮೇಲಿಟ್ಟು, ಸೆರಗು ಸಿಕ್ಕಿಸಿ, ಅವನ ಸೀಟಿನ ಮೇಲೆ ಹತ್ತಿ ಕುಳಿತು ಎರಡೂ ಕೈಯಿಂದ ಹ್ಯಾಂಡಲ್ ಹಿಡಿದುಬಿಟ್ಟಿದ್ದಳು.

"ಇಳಿಯವ್ವಾ, ಸವಾರಿ ಕಾಯಾಕತ್ತಾರ" ಎನ್ನುತ್ತಿದ್ದ ಅವನು. ಪೊಲೀಸನೊಬ್ಬ ಲಾಠಿಯಿಂದ ಗಾಡಿಯ ತಗಡು ಬಡಿದು, ಏ ಮುದುಕಿ, ತಲೀ ಕೆಟ್ಟೈತೇನು ಎಂದ. ಹಿಂದಿನ ಗಾಡಿಗಳು ಹಾರ್ನ್ ಹೊಡೆಯತೊಡಗಿದವು.

"ಇದರ ಕೆಳಗ ಬರದಾರಂತ" ಎಂದಳು ವೈನಿ, ದನಿ ಏರಿಸದೆ. "ಓದಾಕ ಬರೂ ಮಂದಿ ಇದ್ರ ಬರ್ರಿ. ಏನ್ ಬರದಾರ ಇವಂಗ ಓದಿ ಹೇಳ್ರಿ. ಇಳೀತೀನಿ."

ಕಾಲೇಜಿನ ಬ್ಯಾಗು ಹಾಕಿಕೊಂಡ ಹುಡುಗಿಯೊಬ್ಬಳು ಬಗ್ಗಿ ನೋಡಿದಳು. ಆಮೇಲೆ ಪೊಲೀಸ ಬಗ್ಗಿದ. ಆಮೇಲೆ ನಾನು. ಡ್ರೈವರ ದಿನಾ ಶ್ರದ್ಧೆಯಿಂದ ಒರೆಸಿದ್ದ. ಡೀಸೆಲಿಗೆ ಚೀಟಿ ಕರಗಿ ಹೋಗಿ, ಅದಿದ್ದ ಕಡೆ ಅಂಟಿನ ಒಂದು ಮಾಸಲು ಚೌಕ ಮಾತ್ರ ಉಳಿದಿತ್ತು.

ಡ್ರೈವರನ ಕೈಯ ಬಟ್ಟೆಯಿಂದ ಡೀಸೆಲ್ ಅವನ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು. ಹಾರ್ನ್ ನಿಲ್ಲಲಿಲ್ಲ. ಆ ಪೊಲೀಸ, ಹೆಂಗಸು ಪೊಲೀಸರನ್ನು ಕರೆಸಲು ಫೋನ್ ತೆಗೆದ. ವೈನಿ ಬೆರಳುಗಳನ್ನು ಇನ್ನಷ್ಟು ಬಿಗಿ ಮಾಡಿ, ಮುಂದಿನ ದಾರಿಯನ್ನು ನೋಡುತ್ತ ಕುಳಿತೇ ಇದ್ದಳು.