ಕಳವಾದ ಮೊಗೆಕಾಯಿ

ಗೇಟಿನ ಚಿಲಕ 'ಕಿಟ್' ಎಂದದ್ದು ಒಂದೇ ಸಲ. ಗೋದಾವರಿಗೆ ಅಷ್ಟು ಸಾಕಿತ್ತು. ರಾತ್ರಿ ಒಂದೂವರೆಯಾದರೂ ಅವಳು ಕಣ್ಣು ಬಿಟ್ಟುಕೊಂಡೇ ಮಲಗಿದ್ದಳು. ಈ ಸದ್ದಿಗಾಗಿಯೇ ಕಾದಿದ್ದಳು ಎಂದರೂ ತಪ್ಪಿಲ್ಲ. ಪಕ್ಕದಲ್ಲಿ ಗಂಡ ಸೋಮನಾಥನಿಗೆ ಗಾಢ ನಿದ್ದೆ.

ದೀಪಾವಳಿಯ ನೀರು ತುಂಬುವ ರಾತ್ರಿ ಮಲೆನಾಡಿನಲ್ಲಿ ಬೂರೆಗಳವು. ಹುಡುಗರು ಗುಂಪು ಕಟ್ಟಿಕೊಂಡು ಅಕ್ಕಪಕ್ಕದ ಮನೆಗಳಿಂದ ಏಣಿ, ಹೂವಿನ ಕುಂಡ, ಸೌತೆಕಾಯಿ, ಹೀಗೆ ಕೈಗೆ ಸಿಕ್ಕಿದ್ದನ್ನು ಹೊತ್ತೊಯ್ದು ಎಲ್ಲೋ ಒಂದು ಕಡೆ ಪೇರಿಸಿಡುತ್ತಾರೆ. ಬೆಳಿಗ್ಗೆ ಕಳಕೊಂಡವರು ಬೈಯುತ್ತ, ನಗುತ್ತ ಹುಡುಕಿಕೊಂಡು ಹೋಗುತ್ತಾರೆ. ಕೊಪ್ಪದ ಅಂಚಿನ ಆ ಹದಿನಾಲ್ಕು ಮನೆಗಳ ಬಡಾವಣೆಯಲ್ಲಿ ಇದು ಗೊತ್ತಿಲ್ಲದಿದ್ದವಳೆಂದರೆ ಗೋದಾವರಿ ಒಬ್ಬಳೇ. ದಾವಣಗೆರೆಯಲ್ಲಿ ಹುಟ್ಟಿ ಬೆಳೆದ ಅವಳು, ಇಲ್ಲಿಗೆ ಬಂದ ಮೊದಲ ದೀಪಾವಳಿಯಲ್ಲಿ, ಗಂಡ ಊರಲ್ಲಿಲ್ಲದಾಗ, ಕಾಂಪೌಂಡಿನೊಳಗೆ ನಾಲ್ಕು ತಲೆ ಕಂಡು ಪೊಲೀಸರಿಗೆ ಫೋನ್ ಮಾಡಿದ್ದಳು. ಮೂವರು ಓಡಿದರು. ಎದುರುಮನೆಯ ತುಂಗಮ್ಮನವರ ಮೊಮ್ಮಗ ಕಾರ್ತಿಕ ಅವಳ ಮನೆಯ ಪೊರಕೆ ಹಿಡಿದುಕೊಂಡೇ ಸಿಕ್ಕಿಬಿದ್ದ. ಹಬ್ಬದ ಎಣ್ಣೆಸ್ನಾನದ ಹೊತ್ತಿಗೆ ಅವನು ಠಾಣೆಯ ಬೆಂಚಿನ ಮೇಲಿದ್ದ.

ಯಾರೂ ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಅಲ್ಲಿಯವರೆಗೆ 'ಬಾ ಕೂಸೇ' ಎನ್ನುತ್ತಿದ್ದ ತುಂಗಮ್ಮ, ಮರುದಿನದಿಂದ 'ಬನ್ನಿ, ಕೂತ್ಕೊಳ್ಳಿ' ಎನ್ನತೊಡಗಿದರು. ಆಮೇಲಿನ ಎರಡು ದೀಪಾವಳಿಗಳಲ್ಲಿ ಹದಿಮೂರು ಮನೆಗಳಲ್ಲಿ ಕಳವಾಯಿತು. ಗೋದಾವರಿಯ ಮನೆಯ ಒಂದು ಕಡ್ಡಿಯನ್ನೂ ಯಾರೂ ಮುಟ್ಟಲಿಲ್ಲ.

ಈ ವರ್ಷ ಅವಳು ಗೇಟಿಗೆ ಬೀಗ ಹಾಕಿರಲಿಲ್ಲ. ಹೊರಗಿನ ದೀಪ ಆರಿಸಿದ್ದಳು. ಜಗಲಿಯ ಕೊಕ್ಕೆಗೆ ಬಾಳೆನಾರಿನಲ್ಲಿ ಕಟ್ಟಿ ದಪ್ಪನೆಯ ಒಂದು ಮೊಗೆಕಾಯಿಯನ್ನು, ಹುಳಿಗೆ ಹಾಕುವ ಬಣ್ಣದ ಸೌತೆಯನ್ನು, ಕೈಗೆ ಎಟಕುವಂತೆ ತೂಗುಬಿಟ್ಟಿದ್ದಳು. "ಕಳ್ಳರಿಗೆ ಆರತಿ ತಟ್ಟೆಯೊಂದು ಇಟ್ಟಿಲ್ಲ ನೀನು" ಎಂದು ಸೋಮನಾಥ ನಕ್ಕಿದ್ದ.

ಎದ್ದು ಪರದೆ ಸರಿಸಿದಳು. ಹುಡುಗರ ಗುಂಪಲ್ಲ, ಒಬ್ಬರೇ. ಸೀರೆ. ಎಡಗಾಲು ಎಳೆದು ಹಾಕುವ ನಡಿಗೆ. ತುಂಗಮ್ಮ! ಎಪ್ಪತ್ತೆರಡು ವರ್ಷ, ಮಂಡಿನೋವು. ಹಗಲಿನಲ್ಲೇ ಕೋಲು ಬೇಕು.

ಗೋದಾವರಿಯ ಬೆರಳು ಸ್ವಿಚ್ಚಿಗೆ ಹೋಯಿತು. ಜಗಲಿಗೆ ಹತ್ತುವ ಮೂರನೇ ಮೆಟ್ಟಿಲು ಪಾಚಿ ಕಟ್ಟಿತ್ತು. ಬಿದ್ದರೆ? ಆದರೆ ದೀಪ ಹಾಕಿದರೆ ಇದು ಎರಡನೇ ಸಲವಾಗುತ್ತದೆ. ಆಮೇಲೆ ಈ ಚಿಲಕವನ್ನು ಯಾರೂ ಮುಟ್ಟುವುದಿಲ್ಲ. ಬೆರಳು ತೆಗೆದು, ಉಸಿರು ಹಿಡಿದು ನಿಂತಳು.

ತುಂಗಮ್ಮ ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿದರು. ಸೊಂಟದಿಂದ ಸಣ್ಣ ಚೂರಿ ತೆಗೆದು ನಾರು ಕೊಯ್ದರು. ಕಾಯಿಯನ್ನು ಅವುಚಿಕೊಂಡು ತಿರುಗುವಾಗ ತಲೆ ಎತ್ತಿದರು. ಮೇಲೆ ಕ್ಯಾಮೆರಾದ ಕೆಂಪು ಚುಕ್ಕಿ! ಆ ಮೊದಲ ವರ್ಷದ ಹೆದರಿಕೆಗೆ ಹಾಕಿಸಿದ್ದು. ಎಲ್ಲ ನೆನಪಿಟ್ಟಿದ್ದ ಗೋದಾವರಿ ಅದನ್ನು ಆರಿಸುವುದೊಂದನ್ನು ಮರೆತಿದ್ದಳು. ತುಂಗಮ್ಮ ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ಬಂದದ್ದಕ್ಕಿಂತ ಬೇಗ ಇಳಿದು ನೀರಿನ ಟ್ಯಾಂಕಿನ ಕಡೆ ಹೋದರು. ಅವರು ಬರಿಗೈಯಲ್ಲಿ ಹಿಂತಿರುಗಿ ಎದುರುಮನೆಯ ಬಾಗಿಲು ಹಾಕಿಕೊಂಡ ಮೇಲೆಯೇ ಗೋದಾವರಿ ಸರಿಯಾಗಿ ಉಸಿರಾಡಿದ್ದು.

ಬೆಳಿಗ್ಗೆ ಎಣ್ಣೆಸ್ನಾನ ಮುಗಿಸಿದವರೆಲ್ಲ ನೀರಿನ ಟ್ಯಾಂಕಿನ ಕೆಳಗೆ ಸೇರಿದ್ದರು. ಕದ್ದ ಸಾಮಾನಿನ ರಾಶಿ ಅಲ್ಲಿತ್ತು: ಎರಡು ಏಣಿ, ಮೂಲೆಮನೆಯ ಲೋಕೇಶನ ಸ್ಕೂಟರಿನ ಸೀಟು, ಯಾರದೋ ಒಂದೇ ಗಂಬೂಟು. ರಾಶಿಯ ತುದಿಯಲ್ಲಿ ಮೊಗೆಕಾಯಿ.

"ಗೋದಾವರಕ್ಕನ ಗೇಟು ದಾಟಿದ ಗಂಡು ಯಾವನ್ರೋ?" ಲೋಕೇಶ ಕೂಗಿದ. "ಬನ್ರೋ ಮುಂದೆ, ಹಾರ ಹಾಕುವ!"

"ನಾನಂತೂ ಅಲ್ಲ ಮಾರಾಯ. ಆ ಬೆಂಚಿನ ತಂಡಿ ಇನ್ನೂ ಇಳಿದಿಲ್ಲ" ಎಂದ ಕಾರ್ತಿಕ. ಎಲ್ಲರೂ ನಕ್ಕರು. ಗೋದಾವರಿಯೂ ನಕ್ಕಳು.

"ಅಯ್ಯೋ, ಕ್ಯಾಮೆರಾ ಇದೆಯಲ್ಲ! ಅಕ್ಕ, ಫೋನ್ ತೆಗೀರಿ, ಈಗ್ಲೇ ನೋಡುವ" ಎಂದ ಲೋಕೇಶ.

ತುಂಗಮ್ಮ ಕೊಳ್ಳಲು ಬಂದವರ ಹಾಗೆ ಏಣಿಯ ಮೆಟ್ಟಿಲುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದರು.

"ಅದು ಮೊನ್ನೆ ಸಿಡಿಲಿಗೆ ಹೋಯ್ತು ಲೋಕೇಶಣ್ಣ" ಎಂದಳು ಗೋದಾವರಿ. "ನನಗೂ ಭಾರೀ ನಿದ್ದೆ. ಮನೆ ಹೊತ್ಕೊಂಡು ಹೋಗಿದ್ರೂ ಗೊತ್ತಾಗ್ತಿರ್ಲಿಲ್ಲ."

"ಥೂ, ದಂಡದ ಕ್ಯಾಮೆರಾ!"

ತುಂಗಮ್ಮ ಏಣಿ ಬಿಟ್ಟು ಬಂದರು. ಮೊಗೆಕಾಯಿಯನ್ನು ಬೆರಳಿನಿಂದ ತಟ್ಟಿ, ಬಗಲಿಗೆ ಇಟ್ಟುಕೊಂಡರು.

"ಚೆನ್ನಾಗಿ ಬಲಿತಿದೆ. ಹುಳಿ ಮಾಡ್ತೆ. ಮಧ್ಯಾಹ್ನ ಗಂಡನ್ನ ಕರ್ಕೊಂಡು ಊಟಕ್ಕೆ ಬಾ ಕೂಸೇ." ಎರಡು ಹೆಜ್ಜೆ ಹೋಗಿ ತಿರುಗಿದರು. "ನಿಮ್ಮನೆ ಮೂರನೇ ಮೆಟ್ಲು ಜಾರ್ತದೆ ಮಾರಾಯ್ತಿ. ಸ್ವಲ್ಪ ತಿಕ್ಕು."

ಅದು ಅವರಿಗೆ ಹೇಗೆ ಗೊತ್ತೆಂದು ಯಾರಿಗೂ ಹೊಳೆಯಲಿಲ್ಲ; ಲೋಕೇಶ ರಾಶಿಯಿಂದ ಸೀಟು ಎಳೆದುಕೊಳ್ಳುವುದರಲ್ಲಿದ್ದ.

ಮನೆಗೆ ಬಂದವಳು ಫೋನಿನಲ್ಲಿದ್ದ ರಾತ್ರಿ ಒಂದೂವರೆಯ ಕ್ಯಾಮೆರಾ ದೃಶ್ಯವನ್ನು ಒಮ್ಮೆ ಪೂರ್ತಿ ನೋಡಿ, ಅಳಿಸಿದಳು. ಹಬ್ಬದ ಸೀರೆಯನ್ನು ಎತ್ತಿ ಕಟ್ಟಿ, ತೆಂಗಿನ ನಾರು ಹಿಡಿದು ಮೆಟ್ಟಿಲು ತಿಕ್ಕಲು ಕೂತಳು.

ಸೋಮನಾಥ ಬಾಗಿಲಿಗೆ ಬಂದ. "ಸಿಡಿಲು ಯಾವತ್ತು ಬಡೀತು ಮಾರಾಯ್ತಿ? ನಿನ್ನೆ ಸಂಜೆ ಕೆಂಪು ಲೈಟು ಉರೀತಿತ್ತಲ್ಲ. ನೀನು ನೋಡಿದ್ದೀಯ. ಯಾರು ಹೇಳು, ನನಗೊಬ್ಬನಿಗೆ."

ಗೋದಾವರಿ ಮೆಟ್ಟಿಲಿಗೆ ನೀರು ಸುರಿದಳು. ಹಸಿರು ನೀರು ಅಂಗಳಕ್ಕೆ ಇಳಿಯುವುದನ್ನು ನೋಡುತ್ತಿದ್ದ ಹಾಗೆ ಅವಳಿಗೆ ಖಚಿತವಾಯಿತು: ಇವನಿಗೂ ಇಲ್ಲ, ತುಂಗಮ್ಮನವರಿಗೂ ಇಲ್ಲ, ಯಾರಿಗೂ ಹೇಳುವುದಿಲ್ಲ.

"ಕತ್ತಲಲ್ಲಿ ಎಂತದೂ ಕಾಣ್ಲಿಲ್ಲ" ಎಂದಳು.